ಓದುಗರ ಪ್ರಶ್ನೆ, ವೈದ್ಯರ ಉತ್ತರ: ರಕ್ತದ ಗುಂಪು ಹೊಂದದ ಹೃದಯವನ್ನು ಮಗುವಿಗೆ ಹಾಕಬಹುದೇ?

ಹೃದಯ ಕಸಿ ಮತ್ತು ರಕ್ತದ ಗುಂಪಿನ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮಕ್ಕಳ ಹೃದಯ ಚಿಕಿತ್ಸೆ ಮತ್ತು ರಕ್ತನಿಧಿ ವಿಭಾಗದ ವೈದ್ಯರು ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ತಂಗಿಯ ಮಗುವಿಗೆ ಐದು ತಿಂಗಳು. ಹೃದಯದ ಸ್ನಾಯು ಸೋತಿದೆ, ಕಸಿ ಬಿಟ್ಟರೆ ಬೇರೆ ದಾರಿಯಿಲ್ಲ ಎಂದಿದ್ದಾರೆ. ಮಗುವಿನದು ಓ ಪಾಸಿಟಿವ್. “ಯಾವ ಗುಂಪಿನ ಹೃದಯ ಸಿಕ್ಕರೂ ಆಗಬಹುದು” ಎಂದು ಡಾಕ್ಟರು ಹೇಳಿದಾಗಿನಿಂದ ಮನೆಯವರಿಗೆ ನಿದ್ದೆಯಿಲ್ಲ. ಒಂದು ಬಾಟಲಿ ರಕ್ತ ಕೊಡುವಾಗಲೂ ಗುಂಪು ನೋಡುತ್ತಾರಲ್ಲ ಸರ್, ಹೃದಯಕ್ಕೆ ಬೇಡವೇ? — ಹಾಸನದ ಓದುಗರು

ಡಾಕ್ಟರು ಹೇಳಿರುವುದು ಸರಿ. ನಿಮ್ಮ ಭಯಕ್ಕೂ ಕಾರಣವಿದೆ. ಅದೇ ಮಾತನ್ನು ಹದಿನೈದು ವರ್ಷದ ಹುಡುಗನಿಗೆ ಹೇಳಿದ್ದರೆ ನಾವೂ ಬೆಚ್ಚಿಬೀಳುತ್ತಿದ್ದೆವು.

ಎ ಮತ್ತು ಬಿ ಎಂದು ನಾವು ಕರೆಯುವ ಗುರುತುಗಳು ಸಕ್ಕರೆ ಜಾತಿಯ ಅಣುಗಳು. ಅವು ಕೆಂಪು ರಕ್ತಕಣದ ಮೇಲಷ್ಟೇ ಇರುವುದಿಲ್ಲ, ರಕ್ತನಾಳಗಳ ಒಳಪದರದ ಮೇಲೂ ಇರುತ್ತವೆ. ಹೃದಯದ ತುಂಬ ರಕ್ತನಾಳಗಳೇ. ಓ ಗುಂಪಿನ ದೊಡ್ಡವರ ಪ್ಲಾಸ್ಮಾದಲ್ಲಿ ಎ ವಿರುದ್ಧವೂ ಬಿ ವಿರುದ್ಧವೂ ಪ್ರತಿಕಾಯಗಳು ಸಿದ್ಧವಾಗಿರುತ್ತವೆ. ಅಂಥವರಿಗೆ ಎ ಗುಂಪಿನ ಹೃದಯ ಹೊಲಿದು ರಕ್ತ ಬಿಟ್ಟರೆ, ಆ ಪ್ರತಿಕಾಯಗಳು ನಾಳದ ಒಳಪದರಕ್ಕೆ ಅಂಟಿಕೊಳ್ಳುತ್ತವೆ. ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಣಿ ಕೆರಳಿ ಒಳಪದರ ಹರಿದುಹೋಗುತ್ತದೆ, ಸಣ್ಣ ನಾಳಗಳಲ್ಲೆಲ್ಲ ರಕ್ತ ಹೆಪ್ಪುಗಟ್ಟುತ್ತದೆ. ಕೆಲವೇ ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಹೃದಯ ಊದಿ, ಕಪ್ಪಿಟ್ಟು, ನಿಂತುಬಿಡಬಹುದು.

ಹಾಗಾದರೆ ದಾಳಿ ಮಾಡುವುದು ಪಡೆಯುವವರ ಪ್ಲಾಸ್ಮಾ. ನಿಮ್ಮ ತಂಗಿಯ ಮಗುವಿಗೆ ಅವಕಾಶ ಇರುವುದು ಇಲ್ಲೇ. ಮಗು ತಾನೇ ತಯಾರಿಸುವ ಈ ಪ್ರತಿಕಾಯಗಳು ಹುಟ್ಟುವಾಗ ಇರುವುದಿಲ್ಲ. ಹುಟ್ಟಿದ ಮೇಲೆ ಕರುಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳ ಮೈಮೇಲೆ ಎ, ಬಿ ಗುರುತುಗಳನ್ನೇ ಹೋಲುವ ಸಕ್ಕರೆಗಳಿರುತ್ತವೆ. ಅವುಗಳನ್ನು ಕಂಡು ಕಂಡು ಮಗುವಿನ ದೇಹ ಪ್ರತಿಕಾಯ ತಯಾರಿಸಲು ಕಲಿಯುತ್ತದೆ. ಈ ಕಲಿಕೆ ನಿಧಾನ. ಐದಾರು ತಿಂಗಳಲ್ಲಿ ಅಲ್ಪಸ್ವಲ್ಪ ಕಾಣಿಸಿಕೊಂಡು, ಒಂದೆರಡು ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆ. ರೋಗಾಣುವಿನ ಮೈಮೇಲಿನ ಸಕ್ಕರೆಯಷ್ಟನ್ನೇ ಬಳಸಿ ಮಾಡಿದ ಲಸಿಕೆಗಳು ಎರಡು ವರ್ಷದೊಳಗಿನ ಮಕ್ಕಳಲ್ಲಿ ಹಿಡಿಯದೆ ಇರುವುದಕ್ಕೂ ಇದೇ ಕಾರಣ. ಅದಕ್ಕೇ ಹಸುಗೂಸುಗಳಿಗೆ ಹಾಕುವ ನ್ಯೂಮೋಕಾಕಸ್ ಲಸಿಕೆಯಲ್ಲಿ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿ ಕೊಡುತ್ತಾರೆ.

ಇದನ್ನು ಚಿಕಿತ್ಸೆಯಾಗಿ ಮಾಡಿ ತೋರಿಸಿದ್ದು ಕೆನಡಾದ ಟೊರಾಂಟೊದ ಮಕ್ಕಳ ಆಸ್ಪತ್ರೆ ‘ಸಿಕ್ ಕಿಡ್ಸ್’. ಡಾ. ಲೋರಿ ವೆಸ್ಟ್ ಮತ್ತು ಸಂಗಡಿಗರು 1996ರಿಂದ 2000ದ ನಡುವೆ ಗುಂಪು ಹೊಂದದ ಹೃದಯವನ್ನು ಹತ್ತು ಶಿಶುಗಳಿಗೆ ಕಸಿ ಮಾಡಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಟ್ಟಿ ನಾಲ್ಕು ಗಂಟೆಯಾದ ಕೂಸಿನಿಂದ ಹದಿನಾಲ್ಕು ತಿಂಗಳಿನವರೆಗಿನ ಮಕ್ಕಳು ಅವರಲ್ಲಿದ್ದರು. ಒಬ್ಬರಲ್ಲೂ ಮೇಲೆ ಹೇಳಿದ ತಕ್ಷಣದ ತಿರಸ್ಕಾರ ಆಗಲಿಲ್ಲ. ಇಬ್ಬರು ಆರಂಭದಲ್ಲೇ ತೀರಿಕೊಂಡರೂ ಅದಕ್ಕೆ ರಕ್ತದ ಗುಂಪು ಕಾರಣವಲ್ಲ ಎಂದು ವೈದ್ಯರು ತೀರ್ಮಾನಿಸಿದರು. ನಮಗೆ ಅದಕ್ಕಿಂತ ದೊಡ್ಡದೆನಿಸುವುದು ಇನ್ನೊಂದು ಅಂಕಿ: ಅದೇ ಕೇಂದ್ರದಲ್ಲಿ ಹೃದಯಕ್ಕಾಗಿ ಕಾಯುತ್ತಲೇ ಸಾಯುವ ಶಿಶುಗಳ ಪ್ರಮಾಣ ಶೇ 58ರಿಂದ ಶೇ 7ಕ್ಕೆ ಇಳಿಯಿತು. ಎಳೆಕೂಸಿನ ಎದೆಗೆ ಹೊಂದುವ ಹೃದಯ ಅಪರೂಪಕ್ಕೆ ಸಿಗುತ್ತದೆ. ಸಿಕ್ಕಿದ್ದನ್ನು ಗುಂಪಿನ ಕಾರಣಕ್ಕೆ ಬಿಟ್ಟುಕೊಡುವುದು ಎಷ್ಟು ದುಬಾರಿಯಾಗಿತ್ತು ಎಂಬುದು ಆ ಅಂಕಿಯಿಂದ ಗೊತ್ತಾಗುತ್ತದೆ. ಮುಂದೆ ಹಲವು ಕೇಂದ್ರಗಳ ದಾಖಲೆಗಳನ್ನು ಹೋಲಿಸಿ ನೋಡಿದಾಗಲೂ, ಗುಂಪು ಹೊಂದಿದ ಮತ್ತು ಹೊಂದದ ಹೃದಯ ಪಡೆದ ಶಿಶುಗಳ ಬದುಕುಳಿವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಂಡುಬಂದಿಲ್ಲ.

ನಿಮ್ಮ ತಂಗಿ ಈಗ ಕೇಳಬೇಕಾದ ಪ್ರಶ್ನೆಗಳು ಇವು. ಮಗುವಿನ ಎ ವಿರೋಧಿ ಮತ್ತು ಬಿ ವಿರೋಧಿ ಟೈಟರ್ (ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂಬ ಅಳತೆ; 1:16 ಎಂದರೆ ಹದಿನಾರು ಪಟ್ಟು ತೆಳುಮಾಡಿದರೂ ಪ್ರತಿಕಾಯ ಕಾಣುತ್ತದೆ ಎಂದರ್ಥ) ಎಷ್ಟಿದೆ? ಎಷ್ಟು ದಿನಕ್ಕೊಮ್ಮೆ ಮತ್ತೆ ನೋಡುತ್ತೀರಿ? ಮಗುವಿಗೆ ರಕ್ತ, ಪ್ಲೇಟ್‌ಲೆಟ್ ಬೇಕಾದರೆ ಯಾವ ಗುಂಪಿನದು ಕೊಡಬೇಕೆಂದು ಕೇಸ್ ಶೀಟಿನಲ್ಲಿ ಬರೆದಿದ್ದೀರಾ? ಮೂರಕ್ಕೂ ಥಟ್ಟನೆ ಉತ್ತರ ಬಂದರೆ, ತಂಡ ಸಿದ್ಧವಾಗಿದೆ ಎಂದು ತಿಳಿಯಿರಿ. ಕಾಯುವುದು ಉದ್ದವಾದಷ್ಟೂ ಈ ಬಾಗಿಲು ಮುಚ್ಚುತ್ತ ಹೋಗುತ್ತದೆ. ವರ್ಷ ತುಂಬಿದ ಮೇಲೆ ಸಾಧ್ಯವೇ ಇಲ್ಲ ಎಂದಲ್ಲ, ಟೈಟರ್ 1:16 ಮೀರದಿದ್ದರೆ ಆಗಲೂ ಪರಿಗಣಿಸುವ ಕೇಂದ್ರಗಳಿವೆ.

ಪ್ರಶ್ನೆ: ಪಾಸಿಟಿವ್, ನೆಗೆಟಿವ್ ಹೊಂದಬೇಕೇ? — ತುಮಕೂರು

ಹೃದಯಕ್ಕೆ ಬೇಕಿಲ್ಲ. ಪಾಸಿಟಿವ್, ನೆಗೆಟಿವ್ ಎಂದು ಹೇಳಲು ನೋಡುವ ಆರ್‌ಎಚ್ ಗುರುತು ಕೆಂಪು ಕಣದ ಮೇಲೆ ಇರುತ್ತದೆ, ನಾಳದ ಒಳಪದರದಲ್ಲಿ ಇರುವುದಿಲ್ಲ. ಆದರೆ ನೆಗೆಟಿವ್ ಹೆಣ್ಣುಮಗುವಿಗೆ ಪಾಸಿಟಿವ್ ದಾನಿಯ ಹೃದಯ ಬಂದಾಗ ಅದರ ಜೊತೆ ಸ್ವಲ್ಪ ಕೆಂಪು ಕಣಗಳೂ ಬರುತ್ತವೆ. ಮುಂದೆ ಅವಳು ಬಸುರಿಯಾದಾಗ ತೊಂದರೆಯಾಗದಿರಲು ಪಾಸಿಟಿವ್ ಕಣಗಳ ವಿರುದ್ಧ ಪ್ರತಿಕಾಯ ಬೆಳೆಯದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ತಂಡ ಯೋಚಿಸಬೇಕು.

ಪ್ರಶ್ನೆ: ನನ್ನ ಯಜಮಾನರಿಗೆ 42 ವರ್ಷ, ಬಿ ಗುಂಪು. ಹೃದಯ ಕಸಿಗೆ ಹೆಸರು ಬರೆಸಿ ಒಂದು ವರ್ಷವಾಯಿತು. ಬೆಂಗಳೂರಿನಲ್ಲಿ ಗುಂಪು ಹೊಂದದ ಕಿಡ್ನಿಯನ್ನು ಗಂಡ ಹೆಂಡತಿ ನಡುವೆಯೇ ಹಾಕುತ್ತಾರಲ್ಲ ಮೇಡಂ. ಹೃದಯಕ್ಕೆ ಯಾಕೆ ಆ ಚಿಕಿತ್ಸೆ ಮಾಡುವುದಿಲ್ಲ? — ದಾವಣಗೆರೆ

ಮುಖ್ಯವಾಗಿ ಸಮಯ ಸಾಲದು. ಕಿಡ್ನಿ ಕೊಡುವವರು ಬದುಕಿರುವ ದಾನಿ, ಆಪರೇಷನ್ ತಾರೀಖು ಮೊದಲೇ ಗೊತ್ತು. ಎರಡರಿಂದ ನಾಲ್ಕು ವಾರ ಮುಂಚೆ ರಿಟುಕ್ಸಿಮ್ಯಾಬ್ ಕೊಟ್ಟು ಪ್ರತಿಕಾಯ ತಯಾರಿಸುವ ಕಣಗಳನ್ನು ತಗ್ಗಿಸುತ್ತಾರೆ. ಆಮೇಲೆ ದಿನ ಬಿಟ್ಟು ದಿನ ಪ್ಲಾಸ್ಮಾ ಬದಲಿಸಿ, ಟೈಟರ್ 1:8 ಅಥವಾ 1:16ಕ್ಕೆ ಇಳಿದ ಮೇಲೆಯೇ ಕಿಡ್ನಿ ಹಾಕುತ್ತಾರೆ. ಇಳಿಯದಿದ್ದರೆ ತಾರೀಖು ಮುಂದಕ್ಕೆ ಹಾಕಬಹುದು, ಅಲ್ಲಿಯವರೆಗೆ ಡಯಾಲಿಸಿಸ್ ಇದ್ದೇ ಇದೆ. ಹೃದಯ ಬರುವುದು ಮಿದುಳು ನಿಷ್ಕ್ರಿಯಗೊಂಡ ದಾನಿಯಿಂದ. ಕರೆ ಬಂದ ಕೆಲವೇ ಗಂಟೆಗಳಲ್ಲಿ ನಿಮ್ಮವರು ಆಪರೇಷನ್ ಟೇಬಲ್ ಮೇಲಿರಬೇಕು. ದಾನಿಯ ಎದೆಯಿಂದ ಹೊರಬಂದ ಹೃದಯ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಸುಮಾರು ನಾಲ್ಕು ಗಂಟೆಯೊಳಗೆ ಮತ್ತೆ ರಕ್ತ ಕಾಣಬೇಕು. ಅಷ್ಟರಲ್ಲಿ 1:128, 1:256 ಇರುವ ದೊಡ್ಡವರ ಟೈಟರನ್ನು ಇಳಿಸುವುದು ಕಷ್ಟ. ಇಳಿಸಿದರೂ, ನೆನಪಿಟ್ಟುಕೊಂಡ ಕಣಗಳು ಕೆಲವೇ ದಿನಗಳಲ್ಲಿ ಮತ್ತೆ ಪ್ರತಿಕಾಯ ತುಂಬಿಸುತ್ತವೆ. ಕಿಡ್ನಿ ಕೆಟ್ಟರೆ ಡಯಾಲಿಸಿಸ್‌ಗೆ ಮರಳಬಹುದು, ಹೃದಯ ಕೆಟ್ಟರೆ ಮರಳಲು ಜಾಗವಿಲ್ಲ.

2003ರ ಫೆಬ್ರುವರಿಯಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಓ ಗುಂಪಿನ ಹದಿನೇಳು ವರ್ಷದ ಹುಡುಗಿಗೆ ಕೈತಪ್ಪಿನಿಂದ ಎ ಗುಂಪಿನ ಹೃದಯ ಮತ್ತು ಶ್ವಾಸಕೋಶ ಕಸಿಯಾಯಿತು. ಎರಡನೇ ಬಾರಿ ಸರಿಯಾದ ಗುಂಪಿನವನ್ನು ಹಾಕಿದರೂ ಆಕೆ ಉಳಿಯಲಿಲ್ಲ. ದಾನಿಯ ಮತ್ತು ಪಡೆಯುವವರ ಗುಂಪನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ತಾಳೆ ನೋಡಬೇಕೆಂಬ ಶಿಸ್ತು ಆ ಸಾವಿನ ನಂತರ ಬಿಗಿಯಾಯಿತು.

ನಿಮ್ಮ ಯಜಮಾನರಿಗೆ ಬಿ ಅಥವಾ ಓ ಗುಂಪಿನ ಹೃದಯ ಆಗುತ್ತದೆ. ಆದರೆ ಓ ಹೃದಯ ಮೊದಲು ಓ ಗುಂಪಿನವರಿಗೆ ಹೋಗುವುದೇ ನ್ಯಾಯ, ಅವರಿಗೆ ಬೇರೆ ಯಾವುದೂ ಆಗದು. ನಮ್ಮ ರಾಜ್ಯದಲ್ಲಿ ಹಂಚಿಕೆ ನಡೆಯುವುದು ಸರ್ಕಾರದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯ ಮೂಲಕ. ಅದರಲ್ಲಿ ಅವರ ತೂಕ, ಈಗಿನ ಸ್ಥಿತಿ, ಫೋನ್ ನಂಬರ್ ಸರಿಯಾಗಿವೆಯೇ ಎಂದು ನಿಮ್ಮ ಆಸ್ಪತ್ರೆಯ ಕಸಿ ಸಂಯೋಜಕರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಸ್ಥಿತಿ ಇಳಿಮುಖವಾಗಿದ್ದರೆ ಎಡ ಹೃತ್ಕುಕ್ಷಿಗೆ ನೆರವಾಗುವ ಪಂಪಿನ ಬಗ್ಗೆ ಈಗಲೇ ಮಾತಾಡಿ. ಮೂತ್ರಪಿಂಡ, ಯಕೃತ್ತು ಸೋತ ಮೇಲೆ ಮಾತಾಡಿದರೆ ತಡವಾಗುತ್ತದೆ.

ಪ್ರಶ್ನೆ: ನಾನು ರಕ್ತನಿಧಿಯಲ್ಲಿ ತಂತ್ರಜ್ಞ. ಮಗುವಿಗೆ ಗುಂಪು ಹೊಂದದ ಹೃದಯ ಹಾಕುವ ಆಪರೇಷನ್‌ಗೆ ನಮ್ಮ ಕಡೆಯಿಂದ ಏನೇನು ಸಿದ್ಧವಿರಬೇಕು, ಎಲ್ಲಿ ತಪ್ಪಾಗುತ್ತದೆ ತಿಳಿಸಿ. — ಹುಬ್ಬಳ್ಳಿ

ಈ ಕಸಿಯ ಅರ್ಧ ಭಾರ ಹೊರುವವರು ನೀವೇ. ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ.

ಮೊದಲು ಗುಂಪು. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ಮಾದರಿಗಳಲ್ಲಿ ನೋಡಿ. ನಾಲ್ಕು ತಿಂಗಳೊಳಗಿನ ಕೂಸಿನಲ್ಲಿ ಸೀರಮ್ ಕಡೆಯ (ಪ್ರತಿಕಾಯ ನೋಡಿ ಗುಂಪು ಹೇಳುವ) ಪರೀಕ್ಷೆಯನ್ನು ನಂಬಬೇಡಿ, ಅಲ್ಲಿ ಸಿಗುವ ಪ್ರತಿಕಾಯ ತಾಯಿಯದಿರಬಹುದು. ಐಜಿಜಿ ಎಂಬ ಬಗೆಯ ಪ್ರತಿಕಾಯ ಮಾಸು ದಾಟಿ ಬರುತ್ತದೆ, ಅದರಲ್ಲೂ ಓ ಗುಂಪಿನ ತಾಯಂದಿರಲ್ಲಿ ಎ, ಬಿ ವಿರೋಧಿ ಐಜಿಜಿ ಹೆಚ್ಚು. ಮಗು ತಾನೇ ತಯಾರಿಸದಿದ್ದರೂ ಟೈಟರ್ ಕಾಣಿಸುವುದು ಹೀಗೆ. ಅದು ತಿಂಗಳುಗಳಲ್ಲಿ ಕರಗಿಹೋಗುತ್ತದೆ. ಆದರೆ ಆಪರೇಷನ್ ದಿನ ರಕ್ತದಲ್ಲಿದ್ದರೆ ಯಾರದಾದರೂ ಹಾನಿ ಒಂದೇ, ತೆಗೆಯಲೇಬೇಕು.

ಟೈಟರ್ ನೋಡುವಾಗ ಹತ್ತು ಟ್ಯೂಬ್ ಸಾಲಾಗಿಡಿ. ಮೊದಲನೆಯದರಲ್ಲಿ ಸೀರಮ್ ಹಾಗೆಯೇ, ಎರಡನೆಯದರಿಂದ ತಲಾ 100 ಮೈಕ್ರೊಲೀಟರ್ ಸಲೈನ್. ಎರಡನೆಯದಕ್ಕೆ 100 ಮೈಕ್ರೊಲೀಟರ್ ಸೀರಮ್ ಬೆರೆಸಿ, ಅದರಿಂದ 100 ಮುಂದಿನದಕ್ಕೆ, ಹೀಗೆ ಕೊನೆಯವರೆಗೆ. ಪ್ರತಿ ಟ್ಯೂಬಿಗೂ ಪಿಪೆಟ್ಟಿನ ತುದಿ ಬದಲಿಸಿ. ಒಂದೇ ತುದಿಯಲ್ಲಿ ಸಾಗಿದರೆ ಹಿಂದಿನ ಸೀರಮ್ ಮುಂದಕ್ಕೆ ಹೋಗಿ 1:8 ಇದ್ದದ್ದು 1:32 ಎಂದು ತೋರುತ್ತದೆ, ಸಿಗಬೇಕಾದ ಹೃದಯ ತಪ್ಪಿಹೋಗುತ್ತದೆ. ಎ1 ಕಣಕ್ಕೊಂದು ಸಾಲು, ಬಿ ಕಣಕ್ಕೊಂದು ಸಾಲು. ಕೋಣೆಯ ಉಷ್ಣಾಂಶದಲ್ಲಿ ಐಜಿಎಂ ಎಂಬ ಇನ್ನೊಂದು ಬಗೆಯ ಪ್ರತಿಕಾಯ ನೋಡಿ. ಐಜಿಜಿಗೆ ಡಿಟಿಟಿ ಎಂಬ ರಾಸಾಯನಿಕ ಬಳಸಿ ಐಜಿಎಂ ಕಳೆದು, 37 ಡಿಗ್ರಿಯಲ್ಲಿಟ್ಟು, ಐಜಿಜಿ ಅಂಟಿದ ಕಣಗಳನ್ನು ಗುಂಪುಗೂಡಿಸುವ ಕೂಂಬ್ಸ್ ಸೀರಮ್ ಹಾಕಿ ಓದಿ. ಬರಿಗಣ್ಣಿಗೆ ಕಣಗಳು ಗುಂಪುಗೂಡಿದ್ದು ಕಾಣುವ ಕೊನೆಯ ಟ್ಯೂಬೇ ಉತ್ತರ. ಟ್ಯೂಬ್ ವಿಧಾನಕ್ಕೂ ಜೆಲ್ ಕಾರ್ಡಿಗೂ ಅಂಕಿ ಬೇರೆಯಾಗುತ್ತದೆ. ಒಂದು ಮಗುವಿಗೆ ಆರಂಭದಿಂದ ಕೊನೆಯವರೆಗೆ ಒಂದೇ ವಿಧಾನ ಇರಲಿ, ಸಾಧ್ಯವಾದರೆ ಒಬ್ಬರೇ ಓದಲಿ. ಇಬ್ಬರು ಓದಿದಾಗ ಒಂದು ಟ್ಯೂಬಿನಷ್ಟು ವ್ಯತ್ಯಾಸ ಸಹಜ.

ಇನ್ನು ಬ್ಯಾಗುಗಳು. ನಿಯಮ ಚಿಕ್ಕದು: ಕೆಂಪು ಕಣ ಮಗುವಿನ ಗುಂಪಿನದು ಅಥವಾ ಓ. ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್ ಮಾತ್ರ ಮಗುವಿಗೂ ದಾನಿಯ ಹೃದಯಕ್ಕೂ ವಿರುದ್ಧವಾದ ಪ್ರತಿಕಾಯ ಇಲ್ಲದಂಥವು. ಓ ಮಗುವಿಗೆ ಎ ಹೃದಯವಾದರೆ ಪ್ಲಾಸ್ಮಾ ಎ ಅಥವಾ ಎಬಿ. ಓ ಮಗುವಿಗೆ ಬಿ ಹೃದಯವಾದರೆ ಬಿ ಅಥವಾ ಎಬಿ. ಎ ಮಗುವಿಗೆ ಬಿ ಹೃದಯ, ಬಿ ಮಗುವಿಗೆ ಎ ಹೃದಯ ಆದರೆ ಎಬಿ ಒಂದೇ. ದಾನಿ ಯಾರೆಂದು ಗೊತ್ತಾಗುವ ಮೊದಲೇ, ಅಂದರೆ ಮಗುವಿನ ಹೆಸರು ಪಟ್ಟಿಗೆ ಸೇರಿದ ದಿನದಿಂದಲೇ, ಎಬಿ ಪ್ಲಾಸ್ಮಾ, ಎಬಿ ಪ್ಲೇಟ್‌ಲೆಟ್ ಮಾತ್ರ ಕೊಡಿ. ಓ ಮಗುವಿಗೆ ‘ಅದರದೇ ಗುಂಪು’ ಎಂದು ಓ ಪ್ಲಾಸ್ಮಾ ಕೊಟ್ಟರೆ ಬೇರೆಯವರ ಪ್ರತಿಕಾಯವನ್ನು ನಾವೇ ತುಂಬಿಸಿದಂತಾಗುತ್ತದೆ. ನಾವು ಅತಿ ಹೆಚ್ಚು ಎಚ್ಚರಿಸುವುದು ಈ ಒಂದು ತಪ್ಪಿನ ಬಗ್ಗೆ. ಏಕೆಂದರೆ ಉಳಿದೆಲ್ಲ ರೋಗಿಗಳಲ್ಲಿ ಅದೇ ಸರಿಯಾದ ಕ್ರಮ, ಕೈ ತಾನಾಗಿ ಓ ಬ್ಯಾಗಿನ ಕಡೆ ಹೋಗುತ್ತದೆ.

ಪ್ರಮಾಣದ ಲೆಕ್ಕ ಹೀಗೆ. ಮಗುವಿನ ರಕ್ತ ಕಿಲೋಗೆ ಸುಮಾರು 80 ಮಿಲಿ. ಆರು ಕಿಲೋ ಮಗುವಿಗೆ 480 ಮಿಲಿ. ಹಾರ್ಟ್-ಲಂಗ್ ಮೆಷಿನ್‌ಗೆ ಹೋಗುವಾಗ ಪ್ರತಿಕಾಯ ತೆಗೆಯಲೆಂದು ಇದರ ಎರಡು ಮೂರು ಪಟ್ಟು ರಕ್ತ ಬದಲಿಸುತ್ತಾರೆ, ಅಂದರೆ ಸುಮಾರು ಒಂದರಿಂದ ಒಂದೂವರೆ ಲೀಟರ್. ಬದಲಿಗಷ್ಟೇ ನಾಲ್ಕು ಬ್ಯಾಗ್ ಕೆಂಪು ಕಣ, ನಾಲ್ಕೈದು ಬ್ಯಾಗ್ ಪ್ಲಾಸ್ಮಾ ಬೇಕು. ಆಮೇಲಿನ ರಕ್ತಸ್ರಾವಕ್ಕೆ ಪ್ಲೇಟ್‌ಲೆಟ್, ಕ್ರಯೋ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳ ಬ್ಯಾಗು), ಇನ್ನಷ್ಟು ಪ್ಲಾಸ್ಮಾ ಬೇರೆ. ಕೆಂಪು ಕಣಗಳು ಐದು ದಿನದೊಳಗಿನವು, ಬಿಳಿಕಣ ತೆಗೆದವು, ವಿಕಿರಣಕ್ಕೊಡ್ಡಿ ತೊಳೆದವು ಆಗಿರಲಿ. ಹಳೆಯ ಬ್ಯಾಗಿನಲ್ಲಿ ಪೊಟ್ಯಾಸಿಯಂ ಸೋರಿ ಸೇರಿರುತ್ತದೆ, ಅದು ಪುಟ್ಟ ಹೃದಯವನ್ನು ನಿಲ್ಲಿಸಬಲ್ಲದು. ಓ ಬ್ಯಾಗಿನಲ್ಲಿ ಉಳಿದ ಒಂದಿಷ್ಟು ಪ್ಲಾಸ್ಮಾದಲ್ಲೂ ಪ್ರತಿಕಾಯ ಇರುವುದರಿಂದ ತೊಳೆಯುವುದನ್ನು ಬಿಡುವಂತಿಲ್ಲ. ಎಬಿ ದಾನಿಗಳು ನಮ್ಮಲ್ಲಿ ಕಡಿಮೆ, ಆದ್ದರಿಂದ ಎಬಿ ಪ್ಲಾಸ್ಮಾವನ್ನು ಮೊದಲೇ ಶೇಖರಿಸಿ ಫ್ರೀಜರಿನಲ್ಲಿ ಆ ಮಗುವಿನ ಹೆಸರಿಗೆ ತೆಗೆದಿಡಿ.

ಆಪರೇಷನ್ ಕೋಣೆಯಲ್ಲಿ ಆ ಮೆಷಿನ್ ನಡೆಸುವ ಪರ್ಫ್ಯೂಷನಿಸ್ಟ್ ಮಗುವಿನ ರಕ್ತವನ್ನು ಒಂದು ಕಡೆಯಿಂದ ಹೊರಬಿಡುತ್ತ ಇನ್ನೊಂದು ಕಡೆಯಿಂದ ಸಿದ್ಧರಕ್ತ ಒಳಬಿಡುತ್ತಾರೆ. ಆಗ ಬ್ಯಾಗಿನ ರಕ್ತ ಹೆಪ್ಪುಗಟ್ಟದಂತೆ ಸೇರಿಸಿರುವ ಸಿಟ್ರೇಟಿನಿಂದ ಕ್ಯಾಲ್ಸಿಯಂ ಕುಸಿಯುತ್ತದೆ, ಅಳೆದು ತುಂಬಬೇಕು. ಬದಲಿ ಮುಗಿದೊಡನೆ ಒಂದು ಮಾದರಿ ಓಡಿಕೊಂಡು ನಿಮ್ಮ ಬಳಿ ಬರುತ್ತದೆ. ಇತ್ತ ನೀವು ಟೈಟರ್ ನೋಡುವಾಗ ಅತ್ತ ಹೃದಯ ಹೊಲಿಯುತ್ತಿರುತ್ತಾರೆ. 1:4 ಅಥವಾ ಅದಕ್ಕೂ ಕಡಿಮೆ ಎಂದು ನೀವು ಫೋನಿನಲ್ಲಿ ಹೇಳುವವರೆಗೂ ಮಹಾಪಧಮನಿಯ ಕ್ಲ್ಯಾಂಪ್ ತೆಗೆದು ಹೊಸ ಹೃದಯಕ್ಕೆ ರಕ್ತ ಬಿಡುವಂತಿಲ್ಲ. ಹೆಚ್ಚಿದ್ದರೆ ಇನ್ನೊಮ್ಮೆ ಬದಲಿ. ಹಾಗಾಗಿ ಆ ಹೊತ್ತಿಗೆ ಕಣಗಳ ದ್ರಾವಣ ತಯಾರಾಗಿರಲಿ, ಸೆಂಟ್ರಿಫ್ಯೂಜ್ ಖಾಲಿಯಿರಲಿ.

ಆಮೇಲೆ ಮೊದಲ ಒಂದೆರಡು ವಾರ ದಿನವೂ ಟೈಟರ್. ಏರತೊಡಗಿದರೆ ತಕ್ಷಣ ತಂಡಕ್ಕೆ ತಿಳಿಸಿ. ಅವರು ಎಕೋ ನೋಡಿ, ಬೇಕಾದರೆ ಬಯಾಪ್ಸಿಯಲ್ಲಿ ಸಿ4ಡಿ ಕಲೆ (ಪ್ರತಿಕಾಯದ ದಾಳಿಯ ಗುರುತು) ನೋಡಿ, ಪ್ಲಾಸ್ಮಾ ಬದಲಿಸುವುದೋ ಬೇಡವೋ ನಿರ್ಧರಿಸುತ್ತಾರೆ. ಟೈಟರ್ ತುಸು ಏರಿದ ಮಾತ್ರಕ್ಕೆ ಹೃದಯ ಹಾಳಾಯಿತೆಂದಲ್ಲ. ಟೊರಾಂಟೊದ ಹತ್ತರಲ್ಲಿ ಇಬ್ಬರು ದಾನಿಯ ಗುಂಪಿನ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡರೂ ಹೃದಯಕ್ಕೆ ಧಕ್ಕೆಯಾಗಿರಲಿಲ್ಲ.

ಪ್ರಶ್ನೆ: ನಮ್ಮ ಮಗನಿಗೆ ಎಂಟು ತಿಂಗಳಿದ್ದಾಗ ವಿದೇಶದಲ್ಲಿ ಕಸಿಯಾಯಿತು. ಅವನು ಓ, ಹೃದಯ ಎ ಗುಂಪಿನದು. ಈಗ ಊರಿಗೆ ಮರಳುತ್ತಿದ್ದೇವೆ. ಡೆಂಗಿ ಭಯ ಬಹಳ. ಅವನ ರಕ್ತದ ಗುಂಪು ಈಗ ಯಾವುದೆಂದು ಹೇಳಬೇಕು? — ಮೈಸೂರಿಗೆ ಮರಳುತ್ತಿರುವ ದಂಪತಿ

ಅವನ ಗುಂಪು ಓ ಆಗಿಯೇ ಇರುತ್ತದೆ, ರಕ್ತ ತಯಾರಾಗುವುದು ಅವನದೇ ಮಜ್ಜೆಯಲ್ಲಿ. ಆದರೆ ಬೇರೆ ಓ ಮಕ್ಕಳಿಗಿಂತ ಅವನು ಭಿನ್ನ. ಎ ಗುರುತು ಹೊತ್ತ ಹೃದಯದ ಜೊತೆ ಬೆಳೆದದ್ದರಿಂದ ಅವನ ದೇಹ ಅದನ್ನು ತನ್ನದೆಂದೇ ಒಪ್ಪಿಕೊಂಡಿರುವ ಸಾಧ್ಯತೆ ಹೆಚ್ಚು. ಬಿ ವಿರೋಧಿ ಪ್ರತಿಕಾಯ ಬೆಳೆಯುತ್ತದೆ, ಎ ವಿರೋಧಿ ಬಹುತೇಕ ಬೆಳೆಯುವುದಿಲ್ಲ. ಟೊರಾಂಟೊ ತಂಡ 2004ರಲ್ಲಿ ಇದನ್ನು ವಿವರಿಸಿತು: ದಾನಿಯ ಗುರುತಿನ ವಿರುದ್ಧ ಪ್ರತಿಕಾಯ ತಯಾರಿಸಬೇಕಾದ ಕಣಗಳೇ ಈ ಮಕ್ಕಳಲ್ಲಿ ಇಲ್ಲವಾಗಿರುತ್ತವೆ.

ಅಪಾಯ ಹೊರಗಿನ ಬ್ಯಾಗಿನಿಂದ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದೊಡನೆ ಊರಿನ ಆಸ್ಪತ್ರೆ ‘ಓ ಪಾಸಿಟಿವ್ ಪ್ಲೇಟ್‌ಲೆಟ್’ ತರಿಸಿಬಿಡಬಹುದು. ಅದರ ಪ್ಲಾಸ್ಮಾದಲ್ಲಿ ಎ ವಿರೋಧಿ ಪ್ರತಿಕಾಯ ತುಂಬಿರುತ್ತದೆ, ಅದು ನೇರ ಅವನ ಹೃದಯಕ್ಕೆ ಹೋಗುತ್ತದೆ. ಬಿ ಗುಂಪಿನದೂ ಬೇಡ, ಅದರಲ್ಲೂ ಎ ವಿರೋಧಿ ಇದೆ. ಅವನಿಗೆ ಪ್ಲೇಟ್‌ಲೆಟ್, ಪ್ಲಾಸ್ಮಾ ಎ ಅಥವಾ ಎಬಿ ಗುಂಪಿನವು ಮಾತ್ರ. ಕೆಂಪು ಕಣ ಓ ಗುಂಪಿನದು, ಬಿಳಿಕಣ ತೆಗೆದು ತೊಳೆದದ್ದು. ಪೂರ್ಣ ರಕ್ತ ಯಾವತ್ತೂ ಬೇಡ. ಇಮ್ಯುನೊಗ್ಲೊಬ್ಯುಲಿನ್ ಡ್ರಿಪ್ಪಿನಲ್ಲೂ ಎ, ಬಿ ವಿರೋಧಿ ಪ್ರತಿಕಾಯ ಇರುವುದರಿಂದ ಕಸಿ ತಂಡವನ್ನು ಕೇಳದೆ ಹಾಕಿಸಬೇಡಿ. ಅಂದಹಾಗೆ, ಡೆಂಗಿಯಲ್ಲಿ ರಕ್ತಸ್ರಾವವಿಲ್ಲದೆ ಬರೀ ಸಂಖ್ಯೆ ನೋಡಿ ಪ್ಲೇಟ್‌ಲೆಟ್ ಏರಿಸುವುದು ಹೆಚ್ಚಿನ ಮಕ್ಕಳಿಗೆ ಬೇಕಾಗುವುದೂ ಇಲ್ಲ.

ಇಷ್ಟನ್ನೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಕಾರ್ಡಿನಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ. ಒಂದು ಅವನ ಶಾಲೆಯ ಬ್ಯಾಗಿನಲ್ಲಿ, ಒಂದು ನಿಮ್ಮ ಪರ್ಸಿನಲ್ಲಿ, ಒಂದು ಅಜ್ಜಿಯ ಮನೆಯಲ್ಲಿ ಇರಲಿ. ಮೈಸೂರಿನಲ್ಲಿ ನೀವು ಹೋಗುವ ಆಸ್ಪತ್ರೆಯ ರಕ್ತನಿಧಿಗೆ ಜ್ವರ ಬರುವ ಮೊದಲೇ ಒಮ್ಮೆ ಹೋಗಿ ಅವನ ಹೆಸರಿನ ಮುಂದೆ ಈ ಸೂಚನೆ ಬರೆಸಿ.

ಔಷಧಿಯ ಬಗ್ಗೆ ಎರಡು ಮಾತು. ದೇಹ ಹೃದಯವನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ದಿನಕ್ಕೆರಡು ಬಾರಿ, ಹನ್ನೆರಡು ಗಂಟೆ ಅಂತರದಲ್ಲಿ. ರಕ್ತದ ಮಟ್ಟ ನೋಡಿಸುವ ದಿನ ಮಾದರಿ ಕೊಟ್ಟ ಮೇಲೆ ಬೆಳಗಿನ ಡೋಸ್ ಕೊಡಿ. ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್, ಫ್ಲುಕೊನಜೋಲ್ ಅದರ ಮಟ್ಟ ಏರಿಸುತ್ತವೆ, ರಿಫಾಂಪಿಸಿನ್ ಇಳಿಸುತ್ತದೆ. ನೆಗಡಿಗೆಂದು ಅಂಗಡಿಯಲ್ಲಿ ಕೇಳಿ ಆ್ಯಂಟಿಬಯೋಟಿಕ್ ತರಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್ ಮೂತ್ರಪಿಂಡಕ್ಕೂ ಕೆಟ್ಟದ್ದು, ಡೆಂಗಿಯಲ್ಲಂತೂ ರಕ್ತಸ್ರಾವಕ್ಕೆ ದಾರಿ. ಚಕ್ಕೋತ ಹಣ್ಣನ್ನು, ದೇವನಹಳ್ಳಿಯದೇ ಆಗಲಿ, ಅವನಿಗೆ ಕೊಡಬೇಡಿ. ಗ್ರೇಪ್‌ಫ್ರೂಟಿನ ಬಳಗದ ಆ ಹಣ್ಣು ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸುತ್ತದೆ. ಎಂಎಂಆರ್, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆಗಳನ್ನು ಕಸಿ ತಂಡದ ಒಪ್ಪಿಗೆಯಿಲ್ಲದೆ ಹಾಕಿಸುವಂತಿಲ್ಲ.

ಪ್ರಶ್ನೆ: ಪ್ರಾಣಿಗಳ ಹೃದಯ ಹಾಕುವಾಗಲೂ ರಕ್ತದ ಗುಂಪು ನೋಡುತ್ತಾರೆಯೇ? — ಧಾರವಾಡದ ಕಾಲೇಜು ವಿದ್ಯಾರ್ಥಿನಿ

ನೋಡಲೇಬೇಕು. 1984ರ ಅಕ್ಟೋಬರ್ 26ರಂದು ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ ಡಾ. ಲಿಯೊನಾರ್ಡ್ ಬೇಲಿ ‘ಬೇಬಿ ಫೇ’ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಯವಾದ ಎಳೆಕೂಸಿಗೆ ಬಬೂನ್ ಕೋತಿಯ ಹೃದಯ ಹಾಕಿದರು. ಕೂಸು ಓ ಗುಂಪಿನದು. ಬಬೂನ್‌ಗಳಲ್ಲಿ ಓ ತೀರ ವಿರಳ, ಹಾಗಾಗಿ ಹಾಕಿದ್ದು ಹೊಂದದ ಗುಂಪಿನ ಹೃದಯ. ಕೂಸು ಇಪ್ಪತ್ತು ದಿನ ಬದುಕಿತು. ಸೋಲಿಗೆ ಗುಂಪಿನ ಹೊಂದಾಣಿಕೆ ಇಲ್ಲದಿದ್ದದ್ದೂ ದೊಡ್ಡ ಕಾರಣವೆಂದು ಬೇಲಿ ಮುಂದೆ ಒಪ್ಪಿಕೊಂಡರು. 2022ರ ಜನವರಿ 7ರಂದು ಮೇರಿಲ್ಯಾಂಡ್‌ನಲ್ಲಿ ಮನುಷ್ಯನಿಗೆ ಹಾಕಿದ ಹಂದಿಯ ಹೃದಯದಲ್ಲಿ ಹತ್ತು ಜೀನುಗಳನ್ನು ತಿದ್ದಲಾಗಿತ್ತು. ನಮ್ಮ ಪ್ರತಿಕಾಯಗಳು ಗುರುತಿಸುವ ಸಕ್ಕರೆಗಳನ್ನು ತಯಾರಿಸುವ ಮೂರು ಹಂದಿ ಜೀನುಗಳನ್ನು ನಿಲ್ಲಿಸಿದ್ದೂ ಅವುಗಳಲ್ಲಿ ಸೇರಿದೆ. ಎ, ಬಿ ವಿಷಯದಲ್ಲಿ ನಡೆಯುವ ದಾಳಿಯ ದಾರಿಯೇ ಅಲ್ಲೂ ಇರುವುದು.

ಪ್ರಶ್ನೆ: ನಮ್ಮ ಕುಟುಂಬದಲ್ಲಿ ಬಾಂಬೆ ಗುಂಪಿನವರಿದ್ದಾರೆ. ಅಂಥವರಿಗೆ ಓ ಹೃದಯ ಆಗುತ್ತದೆಯೇ? — ಕುಮಟಾ

ದೊಡ್ಡವರಿಗೆ ಆಗುವುದಿಲ್ಲ. 1952ರಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ಈ ಗುಂಪು ಮಹಾರಾಷ್ಟ್ರ, ಕರ್ನಾಟಕದ ಕಡೆ ಉಳಿದ ಕಡೆಗಳಿಗಿಂತ ಹೆಚ್ಚು. ಎ, ಬಿ ಎರಡಕ್ಕೂ ತಳಹದಿಯಾದ ಎಚ್ ಗುರುತೇ ಇವರಲ್ಲಿ ಇಲ್ಲ. ಓ ಗುಂಪಿನವರ ಕಣ ಮತ್ತು ನಾಳಗಳಲ್ಲಿ ಎಚ್ ಇರುವುದರಿಂದ ಇವರ ಪ್ರತಿಕಾಯ ಓ ಹೃದಯವನ್ನೂ ಬಿಡುವುದಿಲ್ಲ. ಮಾಮೂಲಿ ಪರೀಕ್ಷೆಯಲ್ಲಿ ಇವರು ಓ ಎಂದೇ ಕಾಣುತ್ತಾರೆ. ಸೀರಮ್ಮನ್ನು ಓ ಕಣಗಳ ಜೊತೆ ಬೆರೆಸಿದಾಗಷ್ಟೇ ಗುಟ್ಟು ಹೊರಬೀಳುತ್ತದೆ. ಎಳೆಕೂಸಿನಲ್ಲಿ ಆ ಪರೀಕ್ಷೆಯೂ ಕೈಕೊಡಬಹುದು, ಏಕೆಂದರೆ ಪ್ರತಿಕಾಯವೇ ಇನ್ನೂ ಹುಟ್ಟಿರುವುದಿಲ್ಲ. ಆದ್ದರಿಂದ ನಿಮ್ಮ ಕುಟುಂಬದ ಯಾವುದೇ ಮಗುವಿಗೆ ‘ಓ’ ಎಂದು ವರದಿ ಬಂದರೆ, ಕಣದ ಮೇಲೆ ಎಚ್ ಗುರುತು ಇದೆಯೇ ಎಂದು ನೋಡುವ ಆಂಟಿ-ಎಚ್ ಲೆಕ್ಟಿನ್ ಪರೀಕ್ಷೆ ಮಾಡಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ.